ಬೀದಿಯಲ್ಲಾಡುವ ಮಕ್ಕಳು ಯಾರ ಮಕ್ಕಳು?

"ಬೀದಿ ಮಕ್ಕಳು ಬೆಳೆದೊ, ಕೋಣೆ ಮಕ್ಕಳು ಕೊಳೆತೊ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಕಡಿಮೆ. ಗಾಳಿ, ಬಿಸಿಲು, ಮಣ್ಣು, ಓರಗೆಯವರು ಇವುಗಳ ನಡುವೆ ಆಡಿಕೊಂಡ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯುತ್ತವೆ, ನಾಲ್ಕು ಗೋಡೆಗಳ ನಡುವೆ ಮುಚ್ಚಟೆಯಾಗಿ ಇಟ್ಟ ಮಕ್ಕಳು ಸೊರಗುತ್ತವೆ ಎಂಬುದು ಅದರ ತಾತ್ಪರ್ಯ. ಆದರೆ ಅದೇ ಹಿರಿಯರ ಬಾಯಲ್ಲಿ, ಈಗ ನಮ್ಮ ಬಾಯಲ್ಲೂ, ಬೀದಿ ಎಂಬುದು ಬೈಗುಳವೂ ಹೌದು. ಓದದೆ ಅಲೆಯುವ ಮಗ "ಬೀದಿ ಸುತ್ತೋನು." ಮನೆತನ ಕೆಟ್ಟರೆ "ಬೀದಿಪಾಲಾದರು." ಒಂದೇ ಬೀದಿ ಮಕ್ಕಳನ್ನು ಬೆಳೆಸುತ್ತದೆ ಎನ್ನುತ್ತೇವೆ, ಕೆಡಿಸುತ್ತದೆ ಎಂದೂ ಹೇಳುತ್ತೇವೆ.

ಪ್ರಿಯ ಓದುಗರೇ, ಈ ಎರಡು ಮಾತುಗಳ ನಡುವೆ ಒಂದು ನೈತಿಕ ಪ್ರಶ್ನೆ ಅಡಗಿದೆ. ನಮ್ಮ ಊರಿನ ಬೀದಿಯಲ್ಲಿ, ಖಾಲಿ ನಿವೇಶನದಲ್ಲಿ, ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಆಡುವ ಹುಡುಗ ಹುಡುಗಿಯರಿಗೆ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕುಣಿಯುವ ಯುವಕರಿಗೆ ನಾವು ಬೆಂಬಲವಾಗಿ ನಿಲ್ಲಬೇಕೆ? ನಿಲ್ಲಬೇಕಾದರೆ ಅದು ನಮ್ಮ ಔದಾರ್ಯವೇ, ಇಲ್ಲ ತೀರಿಸಬೇಕಾದ ಋಣವೇ?

ನಮ್ಮ ಸೀಮೆಯ ಬೀದಿ

ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿ ಬೀದಿ ಎಂದರೆ ಬರಿಯ ರಸ್ತೆಯಲ್ಲ. ನಾಯಕರ ಬೀದಿ, ಉಪ್ಪಾರರ ಬೀದಿ, ಕುರುಬರ ಬೀದಿ ಎಂದು ಒಂದೊಂದು ಕುಲಕ್ಕೂ ಒಂದೊಂದು ಬೀದಿ. ಬೀದಿಗೆ ಅದರದೇ ಯಜಮಾನರು, ಅದರದೇ ಕಟ್ಟುಪಾಡು. ಮದುವೆಯ ಚಪ್ಪರ ಏಳುವುದು ಅಲ್ಲೇ, ಸಾವಿಗೆ ಜನ ಕೂರುವುದೂ ಅಲ್ಲೇ. ಆಷಾಢ ಮಾಸದಲ್ಲಿ ಚಾಮರಾಜೇಶ್ವರನ ತೇರು ಹೊರಟಾಗ, ಹೊಸದಾಗಿ ಮದುವೆಯಾದ ಜೋಡಿಗಳು ಸುತ್ತಲಿನ ಊರುಗಳಿಂದ ಬಂದು ಸೇರಿದಾಗ, ರಥದ ಬೀದಿಯಲ್ಲಿ ವಾಹನಗಳಿಗೆ ಜಾಗವಿರುವುದಿಲ್ಲ. ನಮ್ಮ ದೇವಾಲಯಗಳ ಹಬ್ಬದ ಮೆರವಣಿಗೆಯೂ ಬೀದಿಯಲ್ಲೇ ಸಾಗುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಅಂದರೆ ಬೀದಿ ಎಲ್ಲರ ಅಂಗಳ ಎಂಬುದನ್ನು ನಾವು ಒಪ್ಪಿಕೊಂಡೇ ಬದುಕಿದವರು.

ಆ ಅಂಗಳದಲ್ಲಿ ಮಕ್ಕಳಿಗೂ ಪಾಲಿತ್ತು. ಲಗೋರಿ, ಚಿನ್ನಿದಾಂಡು, ಗೋಲಿ, ಬುಗುರಿ, ಕುಂಟೆಬಿಲ್ಲೆ, ಕಬಡ್ಡಿ, ಖೋ ಖೋ ಎಲ್ಲಕ್ಕೂ ಬೇಕಾದದ್ದು ಒಂದಿಷ್ಟು ನೆಲ, ನಾಲ್ಕು ಜನ ಜೊತೆಗಾರರು. ಮುಂದೆ ಟೆನಿಸ್ ಚೆಂಡಿನ ಕ್ರಿಕೆಟ್ ಬಂತು. ಇದ್ದಿಲಿನಲ್ಲಿ ಗೋಡೆಗೆ ಮೂರು ಗೆರೆ ಎಳೆದರೆ ಅದೇ ಸ್ಟಂಪು.

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಬಡಾವಣೆಗಳು ಬೆಳೆದವು, 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಗುಂಡ್ಲುಪೇಟೆಯಂತೂ ವಯನಾಡಿಗೂ ಊಟಿಗೂ ಹೋಗುವ ದಾರಿಯ ಊರು. ತರಕಾರಿ ಲಾರಿ, ಪ್ರವಾಸಿಗರ ಕಾರು, ಬಸ್ಸು ಹೆದ್ದಾರಿಯನ್ನು ತುಂಬಿಕೊಂಡಿರುತ್ತವೆ. ಇದೆಲ್ಲ ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ಆದರೆ ಇದಕ್ಕೆ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದಾರೆ. ಮನೆಗೆರಡು ಬೈಕು ಬಂದಾಗ ಅವು ನಿಂತದ್ದು ಮಕ್ಕಳು ಆಡುತ್ತಿದ್ದ ಜಾಗದಲ್ಲಿ. ಖಾಲಿ ನಿವೇಶನಕ್ಕೆ ತಂತಿ ಬೇಲಿ ಬಿತ್ತು. ಶಾಲೆಯ ಗೇಟಿಗೆ ನಾಲ್ಕೂವರೆಗೆ ಬೀಗ ಬಿತ್ತು. ಆಮೇಲೆ "ಈಗಿನ ಮಕ್ಕಳು ಮೊಬೈಲು ಬಿಟ್ಟು ಏಳೋದೇ ಇಲ್ಲ" ಎಂದು ನಾವೇ ಕೊರಗುತ್ತೇವೆ. ಮಕ್ಕಳು ಬೀದಿಯನ್ನು ಬಿಟ್ಟು ಹೋದವರಲ್ಲ. ಬೀದಿಯಿಂದ ನಾವು ಅವರನ್ನು ಎಬ್ಬಿಸಿದ್ದೇವೆ.

ಇನ್ನೊಬ್ಬರಿಂದ ಪಡೆದುಕೊಂಡದ್ದನ್ನು ಹಿಂದಿರುಗಿಸುವುದು ದಾನವಲ್ಲ, ನ್ಯಾಯ ಎಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆಟದ ಜಾಗಕ್ಕೂ ಆ ಮಾತು ಸಲ್ಲಬೇಕಲ್ಲವೇ? ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಶಾಲೆಗೆ ಇರಲೇಬೇಕಾದ ಸೌಲಭ್ಯಗಳ ಸಾಲಿನಲ್ಲಿ ಆಟದ ಮೈದಾನವೂ ಸೇರಿದೆ. ಹಕ್ಕನ್ನು ಕೊಡುವವರು ಉಪಕಾರ ಮಾಡುತ್ತಿಲ್ಲ.

ಮಕ್ಕಳು ಮಾಡಿಕೊಂಡ ಕಾನೂನು

ಬೀದಿಯ ಆಟದಲ್ಲಿ ಶಿಸ್ತಿಲ್ಲ ಎನ್ನುವವರು ಒಂದು ಸಂಜೆ ಸುಮ್ಮನೆ ನಿಂತು ನೋಡಬೇಕು. ಚೆಂಡು ಕಾಂಪೌಂಡು ದಾಟಿ ಪಕ್ಕದ ಮನೆಗೆ ಬಿದ್ದರೆ ಹೊಡೆದವನು ಔಟು. ಕ್ರಿಕೆಟಿನ ದೊಡ್ಡ ಪುಸ್ತಕದಲ್ಲಿ ಈ ನಿಯಮವಿಲ್ಲ. ಅಲ್ಲಿ ದೂರ ಹೊಡೆದವನಿಗೆ ಆರು ರನ್ನು. ಬೀದಿಯ ಹುಡುಗರು ಮಾತ್ರ, ನೆರೆಯವನ ಕಿಟಕಿ ಒಡೆಯಬಾರದು ಎಂಬುದನ್ನು ಆಟದ ಕಾನೂನನ್ನಾಗಿಯೇ ಮಾಡಿಕೊಂಡಿದ್ದಾರೆ. ಜೋರಾಗಿ ಬಾರಿಸುವ ಶಕ್ತಿಯಿದ್ದವನು ಕೈ ಹಿಡಿದು ಆಡಬೇಕು. ನೆರೆಯವರ ಮೇಲಿನ ಕಾಳಜಿಯನ್ನು ಇದಕ್ಕಿಂತ ಸರಳವಾಗಿ ಯಾರು ಕಲಿಸಿಯಾರು?

ಆಟಗಾರರು ಬೆಸವಾದಾಗ ಒಬ್ಬ ಎರಡೂ ಕಡೆಗೆ ಬ್ಯಾಟ್ ಮಾಡುತ್ತಾನೆ. ಯಾರೂ ಹೊರಗುಳಿಯಬಾರದು ಎಂಬುದಕ್ಕಾಗಿ ಈ ಏರ್ಪಾಡು. ಬಿದ್ದವನೋ ಏದುಸಿರು ಬಿಡುವವನೋ "ಟೈಂ ಪ್ಲೀಸ್" ಎಂದರೆ ಅಟ್ಟಿಸಿಕೊಂಡು ಬಂದವನು ನಿಲ್ಲಲೇಬೇಕು. ಅಕ್ಕನ ಸೊಂಟದಿಂದಿಳಿದು ಬಂದ ಪುಟ್ಟ ತಮ್ಮನಿಗೆ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂಬ ಸ್ಥಾನ. ಅವನು ಓಡಬಹುದು, ಕೂಗಬಹುದು, ಔಟಾದರೆ ಮಾತ್ರ ಲೆಕ್ಕವಿಲ್ಲ. ದುರ್ಬಲನನ್ನು ಹೊರಗೆ ನಿಲ್ಲಿಸದೆ ಒಳಗೆ ಸೇರಿಸಿಕೊಳ್ಳುವ ಈ ಉಪಾಯವನ್ನು ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ.

ದೊಡ್ಡವರು ತರಬೇತಿ ಶಿಬಿರ ಮಾಡಿ, ಸಮವಸ್ತ್ರ ಕೊಟ್ಟು, ಸೀಟಿ ಊದಿ ಆಡಿಸುವ ಆಟದಲ್ಲಿ ಬೇರೆ ಲಾಭಗಳಿವೆ. ಆದರೆ ಜಗಳವಾದಾಗ ತಾವೇ ತೀರ್ಮಾನಿಸಿ ಮತ್ತೆ ಆಟ ಮುಂದುವರಿಸುವುದನ್ನು ಮಕ್ಕಳು ಕಲಿಯುವುದು ಬೀದಿಯಲ್ಲಿ. ಏಕೆಂದರೆ ಅಲ್ಲಿ ಜಗಳ ಮುಗಿಯದಿದ್ದರೆ ಆಟವೇ ಇಲ್ಲ.

ಆಟ ಕಾಲಹರಣವೇ?

"ಆಟದಿಂದ ಏನು ಸಿಗುತ್ತದೆ?" ಎಂದು ತಂದೆತಾಯಿಯರು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಆರೋಗ್ಯ, ಕ್ರೀಡಾ ಕೋಟಾದ ನೌಕರಿ, ದುಶ್ಚಟಗಳಿಂದ ದೂರ ಎಂದೆಲ್ಲ ಹೇಳುವುದು ವಾಡಿಕೆ. ಇವು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಂತರೆ, ಪದಕ ತಾರದ, ನೌಕರಿ ಪಡೆಯದ ಹುಡುಗನ ಆಟಕ್ಕೆ ಬೆಲೆಯೇ ಇಲ್ಲವೆಂದಾಯಿತು. ಬೀದಿಯಲ್ಲಿ ಆಡುವ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅಂಥವರೇ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಗಂಭೀರವಾಗಿ ಎತ್ತಿಕೊಂಡರು. ಅವರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಯೊವಾನ್ನರು ಅವನಿಗೆ ಬಾಣ ಬಿಡಲು ಹೇಳಿದರು. ಹಲವು ಬಾರಿ ಬಿಟ್ಟ ಮೇಲೆ, ಹೀಗೆಯೇ ಬಿಡುವಿಲ್ಲದೆ ಮಾಡಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಆತ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ದೇಹಕ್ಕೆ ನಿದ್ರೆ ಹೇಗೋ ಆತ್ಮಕ್ಕೆ ಆಟ ಹಾಗೆ ಎಂಬುದು ಅಕ್ವಿನಾಸರ ವಾದದ ಸಾರ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಮಿತಿಮೀರಿದ ಆಟ ತಪ್ಪಾದಂತೆ, ತಾನೂ ನಗದೆ ಇತರರ ಹಿತವಾದ ನಲಿವಿಗೂ ಅಡ್ಡಿಯಾಗುವುದು ಸಹ ಒಂದು ದೋಷವೇ. ಟ್ಯೂಷನ್‌ನಿಂದ ಟ್ಯೂಷನ್‌ಗೆ ಮಕ್ಕಳನ್ನು ಓಡಿಸುವ ಮನೆಗಳಲ್ಲಿ ಈ ಮಾತನ್ನು ಧ್ಯಾನಿಸಬೇಕು.

ಪ್ರವಾದಿ ಜೆಕರ್ಯನಿಗೆ ದೇವರು ತೋರಿಸಿದ ಪುನೀತ ನಗರದಲ್ಲಿ ಏನಿತ್ತು? ಆ ಗ್ರಂಥದ ಎಂಟನೆಯ ಅಧ್ಯಾಯ ಓದಿ ನೋಡಿ. ಊರುಗೋಲು ಹಿಡಿದ ಮುದುಕ ಮುದುಕಿಯರು ಚೌಕಗಳಲ್ಲಿ ಕುಳಿತಿದ್ದಾರೆ, ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿದ್ದಾರೆ. ಸೆರೆಯಿಂದ ಮರಳಿದ ಜನಕ್ಕೆ ದೇವರ ಆಶೀರ್ವಾದದ ಗುರುತಾಗಿ ತೋರಿಸಿದ್ದು ಇದನ್ನು. ಹಿರಿಯರೂ ಮಕ್ಕಳೂ ಒಂದೇ ಬೀದಿಯಲ್ಲಿ ನೆಮ್ಮದಿಯಾಗಿ ಇದ್ದಾರೆ ಎಂಬುದನ್ನು ಗಮನಿಸಿ.

ಗದ್ದಲದ ಹುಡುಗರನ್ನು ಕಟ್ಟಿಕೊಂಡ ಗುರು

ಸಂತ ಜಾನ್ ಬೋಸ್ಕೊರವರ ಹೆಸರಿನ ಶಾಲೆಗಳು ನಮಗೆ ಗೊತ್ತು. ಅವರ ಅಲೆದಾಟದ ವರ್ಷಗಳು ಅಷ್ಟಾಗಿ ಗೊತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ತೂರಿನ್ ನಗರಕ್ಕೆ ಹಳ್ಳಿಗಳಿಂದ ಕೂಲಿಗೆ ಬಂದ ಹುಡುಗರು ಭಾನುವಾರ ಬೀದಿಯಲ್ಲಿ ಅಲೆಯುತ್ತಿದ್ದರು. ಬಾಲ್ಯದಲ್ಲಿ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಊರಿನ ಮಕ್ಕಳನ್ನು ಸೇರಿಸುತ್ತಿದ್ದ ಈ ಗುರುಗಳು ಅವರನ್ನು ಕರೆದು ಆಡಿಸಿದರು, ಪ್ರಾರ್ಥನೆ ಕಲಿಸಿದರು. 1844ರಿಂದ 1846ರವರೆಗೆ ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಓಡಿಸಲಾಯಿತು. ಹಿಟ್ಟಿನ ಗಿರಣಿಯ ಬಳಿ ಆಡಿದಾಗ ಗಿರಣಿಯವರು ದೂರಿದರು. ಒಂದು ಸಮಾಧಿಭೂಮಿಯ ದೇವಾಲಯದ ಬಳಿ ಅಲ್ಲಿನ ಗುರುಗಳ ಮನೆಗೆಲಸದಾಕೆ ರೇಗಿದಳು. ಕೊನೆಗೆ ಬಾಡಿಗೆಗೆ ಸಿಕ್ಕ ಹುಲ್ಲುಗಾವಲಿನಿಂದಲೂ ಹೊರಡಿಸಿದರು. ಹುಡುಗರ ತುಳಿತಕ್ಕೆ ಹುಲ್ಲಿನ ಬೇರೇ ಸಾಯುತ್ತಿದೆ ಎಂಬುದು ಒಡೆಯರ ಆಕ್ಷೇಪ. 1846ರ ಏಪ್ರಿಲ್ 12ರ ಪಾಸ್ಕ ಹಬ್ಬದಂದು ವಾಲ್ಡೊಕ್ಕೊದ ಒಂದು ತಗ್ಗಾದ ಕೊಟ್ಟಿಗೆಯಲ್ಲಿ ಅವರಿಗೆ ನೆಲೆ ಸಿಕ್ಕಿತು.

ಆ ಗಿರಣಿಯವರು, ಆ ಹುಲ್ಲುಗಾವಲಿನ ಒಡೆಯರು ಕೆಟ್ಟವರೆಂದು ಹೇಳಲಾಗದು. ಅವರವರ ಕಷ್ಟ ಅವರವರಿಗೆ. ಆದರೆ ಹುಲ್ಲು ಮತ್ತೆ ಚಿಗುರುತ್ತದೆ. ಹದಿನೈದರ ಹುಡುಗನಿಗೆ ಹದಿನೈದು ತಿರುಗಿ ಬರುವುದಿಲ್ಲ.

ಹೊಸ ಕುಣಿತ, ಹಳೆಯ ವೃತ್ತ

ಇತ್ತೀಚೆಗೆ ನಮ್ಮ ಊರಿನ ಯುವಕರ ಕೂದಲು, ಉಡುಪು, ಹಾಡು, ನೆಲದ ಮೇಲೆ ತಲೆಯೂರಿ ತಿರುಗುವ ಕುಣಿತ ಇವೆಲ್ಲ ಹಿರಿಯರಿಗೆ ಪರದೇಶಿಯಾಗಿ ಕಾಣುತ್ತವೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯ ಬೀದಿಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ಬ್ರೇಕಿಂಗ್ ಎಂಬ ಆ ಕುಣಿತ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಯಿತು. ಬೀದಿಯ ಸ್ಕೇಟ್‌ಬೋರ್ಡ್ ಅದಕ್ಕೂ ಮೊದಲು, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸೇರಿತ್ತು.

ಆದರೆ ಮಲೆಯ ಮಹದೇಶ್ವರನ ನಾಡಿನವರಿಗೆ ಇದು ಅಷ್ಟು ಹೊಸದೇ? ಬೀಸು ಕಂಸಾಳೆಯನ್ನು ನೆನೆಯಿರಿ. ಯುವಕರು ವೃತ್ತವಾಗಿ ನಿಂತು, ಹಾಡಿನ ಲಯಕ್ಕೆ ಕಂಚಿನ ತಾಳಗಳನ್ನು ತಲೆಯ ಸುತ್ತ, ಬೆನ್ನ ಹಿಂದೆ ಬೀಸುತ್ತಾರೆ. ಒಬ್ಬರ ಮೇಲೊಬ್ಬರು ಏರುತ್ತಾರೆ, ಹಿಂದಕ್ಕೆ ಬಾಗಿ ನೆಲ ಮುಟ್ಟುತ್ತಾರೆ. ಕಣ್ಣಳತೆ ತಪ್ಪಿದರೆ ಪಕ್ಕದವನಿಗೆ ಪೆಟ್ಟು. ಭಕ್ತಿ, ಸಂಗೀತ, ಕಸರತ್ತು, ಪೈಪೋಟಿ ಎಲ್ಲವೂ ಅದರಲ್ಲಿದೆ. ಅದು ಬೆಳೆದದ್ದೂ ಬೀದಿಯಲ್ಲೇ, ಬಡವರ ಮಕ್ಕಳ ಮೈಯಲ್ಲೇ. ಇಂದು ಅದನ್ನು ಜನಪದ ಕಲೆ ಎಂದು ವೇದಿಕೆಗೆ ಏರಿಸಿ ಹಾರ ಹಾಕುತ್ತೇವೆ. ಕಂಸಾಳೆಗೆ ಅದರದೇ ವ್ರತ, ಗುರುದೀಕ್ಷೆಯ ಪರಂಪರೆ ಇದೆ, ಹೊಸ ಕುಣಿತಕ್ಕೆ ಅದಿಲ್ಲ ಎಂಬುದು ನಿಜ. ಆದರೂ ಒಂದು ವೃತ್ತದ ನಡುವೆ ಬಂದು "ನನ್ನನ್ನೂ ನೋಡಿ" ಎನ್ನುವ ಹರೆಯದ ಹಂಬಲ ಎರಡರಲ್ಲೂ ಒಂದೇ.

ಆ ಹಂಬಲಕ್ಕೆ ನಾಲ್ಕು ಜನ ಹಿರಿಯರ ಕಣ್ಣು ಸಿಕ್ಕರೆ ಅದು ಕಲೆಯಾಗುತ್ತದೆ. ಯಾರೂ ನೋಡದಿದ್ದರೆ ಹೆದ್ದಾರಿಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ತೋರಿಸುವ ಹುಚ್ಚಾಟಕ್ಕೂ ಇಳಿಯಬಹುದು.

ನೆರೆಯವರ ದೂರು

ಬೆಂಬಲಿಸಬೇಕು ಎನ್ನುವವರು ಎದುರು ವಾದವನ್ನೂ ಕೇಳಿಸಿಕೊಳ್ಳಬೇಕು. ಹಾಸಿಗೆ ಹಿಡಿದ ಅಜ್ಜಿ ಇರುವ ಮನೆಗೆ ಪದೇ ಪದೇ ಚೆಂಡು ಬಿದ್ದರೆ ಸಿಟ್ಟು ಬಾರದೆ ಇದ್ದೀತೆ? ತಿರುವಿನಲ್ಲಿ ಚೆಂಡಿನ ಹಿಂದೆ ಓಡಿದ ಮಗುವಿನ ಎದುರು ಲಾರಿ ಬಂದರೆ? ದುಡ್ಡು ಕಟ್ಟಿ ಆಡಿಸುವ ಟೂರ್ನಮೆಂಟುಗಳು, ಬಾಜಿ, ಗೆದ್ದ ರಾತ್ರಿಯ ಕುಡಿತ ಇವೂ ಇವೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಟ್ರೋಫಿ, ಟೀಷರ್ಟು ಹಂಚುವವರ ಹಿಂದೆ ಹುಡುಗರು ಹೋಗುವುದನ್ನೂ ಕಾಣುತ್ತೇವೆ. ಇವುಗಳನ್ನೆಲ್ಲ "ಯುವಶಕ್ತಿ" ಎಂದು ಹೊಗಳಬೇಕಾಗಿಲ್ಲ. ತಪ್ಪನ್ನು ತಪ್ಪೆನ್ನಬೇಕು.

ಆದರೆ ಯೋಚಿಸಿ. ಬಾಜಿ ಕಟ್ಟುವವನು ಹುಡುಗರ ಬಳಿ ಬರುವುದು ಹೇಗೆ? ಅವನು ಚೆಂಡು ಕೊಡಿಸುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಆಟ ಮುಗಿಯುವವರೆಗೆ ನಿಂತು ನೋಡುತ್ತಾನೆ. ನಾವು ಮಾಡಬೇಕಾದ ಕೆಲಸವನ್ನು ಅವನು ತನ್ನ ಲಾಭಕ್ಕಾಗಿ ಮಾಡುತ್ತಾನೆ. ಒಳ್ಳೆಯವರು ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ.

ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ

ಬೀದಿಯ ಆಟವನ್ನು ಹೊಗಳುವಾಗ ಅಲ್ಲಿ ಯಾರಿಲ್ಲ ಎಂಬುದನ್ನೂ ನೋಡಬೇಕು. ಹತ್ತು ವರ್ಷದವರೆಗೆ ಕುಂಟೆಬಿಲ್ಲೆ ಆಡಿದ ಹುಡುಗಿ ದೊಡ್ಡವಳಾದ ಮೇಲೆ ಬೀದಿಯಲ್ಲಿ ಕಾಣುವುದಿಲ್ಲ. ಅಣ್ಣ ಬ್ಯಾಟು ಹಿಡಿದು ಹೊರಟಾಗ ಅವಳು ಪಾತ್ರೆ ತೊಳೆಯುತ್ತಿರುತ್ತಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಮಹಿಳೆಯರು ನೇಪಾಳವನ್ನು ಸೋಲಿಸಿ ಗೆದ್ದಾಗ, ಆ ತಂಡದಲ್ಲಿ ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಎಲ್ಲರೂ ಹೆಮ್ಮೆಪಟ್ಟೆವು. ಆದರೆ ನಮ್ಮ ಮನೆಯ ಹುಡುಗಿ ಸಂಜೆ ಆರು ಗಂಟೆಗೆ ಓಡಲು ಹೊರಟರೆ ಅದೇ ಹೆಮ್ಮೆ ಇರುತ್ತದೆಯೇ?

ಇನ್ನೊಂದು ಗೋಡೆ ಬೀದಿಗೂ ಬೀದಿಗೂ ನಡುವಿನದು. ಬೀದಿಗೊಂದು ತಂಡವಾದಾಗ ಪಂದ್ಯ ಸುಲಭವಾಗಿ ಕುಲದ ಹಟವಾಗಬಹುದು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬ ಮಹಿಳೆ ಸ್ಕೇಟ್‌ಬೋರ್ಡಿಗೆ ಒಂದು ಸಿಮೆಂಟಿನ ಅಂಗಳ ಕಟ್ಟಿಸಿದರು. ಅಲ್ಲಿ ಯಾದವರ ಮಕ್ಕಳೂ ಆದಿವಾಸಿ ಮಕ್ಕಳೂ ಒಂದೇ ಅಂಗಳದಲ್ಲಿ ಆಡಲು ಬಂದರು. ನಿಯಮಗಳು ಕೆಲವೇ: ಶಾಲೆಗೆ ಹೋಗದವರಿಗೆ ಆಟವಿಲ್ಲ, ಮೊದಲ ಸರದಿ ಹುಡುಗಿಯರದು. ಹಿರಿಯರು ಗೋಡೆ ಕೆಡಹಲು ಭಾಷಣ ಮಾಡಬೇಕಾಗಿಲ್ಲ. ಎಲ್ಲ ಬೀದಿಯ ಮಕ್ಕಳನ್ನು ಬೆರೆಸಿ ತಂಡ ಕಟ್ಟಬೇಕು ಎಂಬ ಒಂದು ನಿಯಮವನ್ನು ಇಟ್ಟರೆ ಸಾಕು.

ಬೆಂಬಲ ಎಂದರೆ

ಬೆಂಬಲ ಎಂದೊಡನೆ ದೊಡ್ಡ ಯೋಜನೆ, ದೊಡ್ಡ ಹಣ ಎಂದುಕೊಳ್ಳುತ್ತೇವೆ. ನಮ್ಮ ರಾಜ್ಯದಲ್ಲೇ ಅಂಥದ್ದೊಂದು ನಡೆದಿತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಜನಾಂಗದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆ ಜನಾಂಗದಲ್ಲಿ ನಮ್ಮ ಕಥೋಲಿಕ ಬಂಧುಗಳೂ ಇದ್ದಾರೆ. ಓಟದಲ್ಲಿ ಮಕ್ಕಳು ಮಿಂಚಿದರು. ಆದರೆ 1993ರಲ್ಲಿ ಯೋಜನೆ ನಿಂತುಹೋಯಿತು. ಪದಕಕ್ಕಾಗಿ ಮಕ್ಕಳನ್ನು ಅವರ ಊರಿನಿಂದ ಎತ್ತಿಕೊಂಡು ಹೋಗಿ, ಲೆಕ್ಕ ಸರಿಹೋಗದಿದ್ದಾಗ ಕೈಬಿಡುವುದು ಬೆಂಬಲವಲ್ಲ. ಎಷ್ಟು ಕೊಟ್ಟೆವು ಎಂಬುದಕ್ಕಿಂತ ಎಷ್ಟು ಕಾಲ ನಿಂತೆವು ಎಂಬುದು ಮುಖ್ಯ.

ನಮ್ಮ ಕೈಯಲ್ಲಿ ಏನಿದೆ? ಮೊದಲನೆಯದು ಜಾಗ. ಬಂಡೀಪುರದ ಕಾಡಿನಲ್ಲಿ ಪ್ರಾಣಿಗಳ ಪ್ರಾಣ ಉಳಿಸಲು 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಾಷ್ಟ್ರೀಯ ಹೆದ್ದಾರಿಯ ಸಂಚಾರವನ್ನೇ ತಡೆಯಲಾಗಿದೆ. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಬೇರೆ ವಾಹನಗಳಿಗೆ ದಾರಿಯಿಲ್ಲ. ಆನೆ, ಜಿಂಕೆಗಳಿಗಾಗಿ ಒಂಬತ್ತು ಗಂಟೆ ಹೆದ್ದಾರಿ ಮುಚ್ಚಬಲ್ಲ ಗುಂಡ್ಲುಪೇಟೆ ಸೀಮೆಯಲ್ಲಿ, ಮಕ್ಕಳಿಗಾಗಿ ಭಾನುವಾರ ಎರಡು ಗಂಟೆ ಒಂದು ಓಣಿಯನ್ನು ಬಿಟ್ಟುಕೊಡಲಾಗದೆ? ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1974ರಿಂದ ಭಾನುವಾರಗಳಂದು ಮುಖ್ಯ ರಸ್ತೆಗಳನ್ನೇ ಜನರ ನಡಿಗೆಗೆ, ಸೈಕಲ್ಲಿಗೆ ಬಿಡುತ್ತಾರೆ. ನಗರಸಭೆಯ ಸದಸ್ಯರನ್ನು, ಠಾಣೆಯವರನ್ನು ಕೇಳಿ ಒಪ್ಪಿಗೆ ಪಡೆಯುವ ಹಿರಿಯರು ಬೀದಿಗಿಬ್ಬರು ಮುಂದೆ ಬಂದರೆ ಸಾಕು.

ಎರಡನೆಯದು ನಮ್ಮ ಇರವು. ತರಬೇತುದಾರರಾಗಬೇಕಾಗಿಲ್ಲ. ಕಟ್ಟೆಯ ಮೇಲೆ ಕುಳಿತ ತಾತ "ಸ್ಕೋರು ಎಷ್ಟಪ್ಪಾ?" ಎಂದು ಕೇಳಿದರೂ ಅದು ಬೆಂಬಲವೇ. ಹಿರಿಯರು ನೋಡುತ್ತಿರುವ ಕಡೆ ಕೆಟ್ಟ ಮಾತು ತಾನಾಗಿ ತಗ್ಗುತ್ತದೆ, ಹುಡುಗಿಯರು ಧೈರ್ಯವಾಗಿ ಬರುತ್ತಾರೆ. ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಮಕ್ಕಳಿಗೆ ತಿಳಿಯಬೇಕು ಎಂಬುದು ಜಾನ್ ಬೋಸ್ಕೊರವರು 1884ರಲ್ಲಿ ರೋಮಿನಿಂದ ಬರೆದ ಪತ್ರದ ತಿರುಳು. ಮಕ್ಕಳು ಇಷ್ಟಪಡುವುದನ್ನು ನಾವು ಇಷ್ಟಪಟ್ಟಾಗ ಅದು ಅವರಿಗೆ ತಿಳಿಯುತ್ತದೆ.

ಮೂರನೆಯದು ಬೀಗದ ಕೈ. ನಮ್ಮ ಧರ್ಮಕೇಂದ್ರಗಳಿಗೆ, ಶಾಲೆಗಳಿಗೆ ಒಳ್ಳೆಯ ಅಂಗಳಗಳಿವೆ. ಗೋಡೆ ಕಟ್ಟಿದ್ದೇವೆ, ಗೇಟು ಹಾಕಿದ್ದೇವೆ. ಗೇಟು ಬೇಕು, ಗಿಡಗಳಿಗೆ ರಕ್ಷಣೆಯೂ ಬೇಕು. ಆದರೆ ರಜಾದಿನದ ಸಂಜೆ ಆ ಅಂಗಳದಲ್ಲಿ ಎಲೆ ಮಾತ್ರ ಉದುರುತ್ತಿದ್ದು, ಗೇಟಿನ ಹೊರಗೆ ರಸ್ತೆಯಲ್ಲಿ ಮಕ್ಕಳು ಬಸ್ಸಿಗೆ ಹೆದರಿ ಆಡುತ್ತಿದ್ದರೆ ಆ ಬೀಗ ಯಾರನ್ನು ಕಾಯುತ್ತಿದೆ? ಸಂತ ಅನ್ನಮ್ಮ ಸಂಘವೋ, ಯುವಜನರ ಸಂಘವೋ, ನಿವೃತ್ತರಾದ ಇಬ್ಬರು ಮೇಷ್ಟರೋ ಸರದಿಯಂತೆ ಎರಡು ಗಂಟೆ ಅಲ್ಲಿ ಕುಳಿತು ಜವಾಬ್ದಾರಿ ಹೊತ್ತರೆ ಗುರುಗಳಿಗೂ ಧೈರ್ಯ. ಬರುವ ಮಕ್ಕಳು ನಮ್ಮವರೇ ಆಗಿರಬೇಕೆಂಬ ನಿಯಮ ಮಾತ್ರ ಬೇಡ. ಗೇಟಿನ ಬಳಿ ನಿಂತು ಯಾರ ಮಗ, ಯಾವ ಬೀದಿ ಎಂದು ಕೇಳತೊಡಗಿದರೆ ಹಳೆಯ ಗೋಡೆಯನ್ನೇ ಹೊಸದಾಗಿ ಕಟ್ಟಿದಂತಾಗುತ್ತದೆ.

ಬೀದಿ ಮಕ್ಕಳನ್ನು ಬೆಳೆಸುತ್ತದೆಯೋ ಕೆಡಿಸುತ್ತದೆಯೋ ಎಂಬ ಮೊದಲಿನ ಪ್ರಶ್ನೆಗೆ ಉತ್ತರ ಗಾದೆಯಲ್ಲಿಲ್ಲ, ಬೀದಿಯ ಡಾಂಬರಿನಲ್ಲೂ ಇಲ್ಲ. ಅಲ್ಲಿ ಆಡುವ ಮಕ್ಕಳನ್ನು ಆ ಬೀದಿಯ ದೊಡ್ಡವರು "ನಮ್ಮ ಮಕ್ಕಳು" ಎಂದುಕೊಂಡರೆ ಬೆಳೆಯುತ್ತಾರೆ. "ಯಾರದೋ ಮಕ್ಕಳು" ಎಂದುಕೊಂಡರೆ ಕೆಡುವುದಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಈ ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದಾಗ ಮನೆಮಂದಿ ಒಂದು ಕೆಲಸ ಮಾಡೋಣ: ನಮ್ಮ ಅಂಗಳದ ಗೇಟಿನ ಬೀಗದ ಕೈ ಯಾರ ಬಳಿ ಇದೆ, ಸಂಜೆ ನಾಲ್ಕಕ್ಕೆ ಅದನ್ನು ತೆಗೆಯಲು, ಆರಕ್ಕೆ ಮತ್ತೆ ಹಾಕಲು ಯಾರು ಸಿದ್ಧರಿದ್ದಾರೆ ಎಂದು ವಿಚಾರಿಸೋಣ.